ಹತ್ತು ಸೆಕೆಂಡು ತೆರೆದಿದ್ದ ಗೇಟು

“ಸೋಮವಾರ ಮುಂಜಾನೆ ಆ ಹೊಲದಾಂವ ಬಂದೂಕು ತಗೊಂಡು ಬರ್ತಾನಂತ,” ಎಂದರು ಡಾಕ್ಟರ್ ನಿಜಲಿಂಗಪ್ಪ. “ಅಷ್ಟರಾಗ ನಮ್ಮ ದೇಸಾಯಿ ಮನಿಗೆ ಬರಬೇಕು. ಜೀವಂತ ಬರಬೇಕು. ಏನ್ ಮಾಡ್ತೀರೋ ಮಾಡ್ರಿ.”

ದೇಸಾಯಿ ಎಂದರೆ ಮನುಷ್ಯನಲ್ಲ, ಹನ್ನೊಂದು ಕಿಲೋ ತೂಗುವ ಟರ್ಕಿ ಹುಂಜ. ಧಾರವಾಡದ ಡಾಕ್ಟರರು ಮೊಟ್ಟೆಯನ್ನೂ ಮುಟ್ಟದ ಜನ. ಮೂವತ್ತು ವರ್ಷ ಲಂಡನ್ನಿನ ಸರಕಾರಿ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ಮೇಲೆ, ಒಂದು ಕ್ರಿಸ್‌ಮಸ್ಸಿನ ಮುಂಚೆ ಏಳು ಟರ್ಕಿಗಳನ್ನು ಕತ್ತಿಯಿಂದ ಬಿಡಿಸಿ ತಂದು, ರೈಸ್ಲಿಪ್ ಕಾಡಿನ ಅಂಚಿನ ತಮ್ಮ ಅರ್ಧ ಎಕರೆಯಲ್ಲಿ ಸಾಕಿಕೊಂಡಿದ್ದರು. ಹುಂಜ ಒಂದು, ಹೇಂಟೆ ಆರು. ಹೇಂಟೆಗಳಲ್ಲಿ ಎಲ್ಲರ ಮೇಲೂ ಜೋರು ಮಾಡುವ ಕಪ್ಪು ಹೇಂಟೆಗೆ ನಾಗವ್ವ ಎಂದು ತಮ್ಮ ಸೋದರತ್ತೆಯ ಹೆಸರಿಟ್ಟಿದ್ದರು. ಅವರು ಸೊಂಟದ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ್ದಾಗ ಏಳೂ ಹಕ್ಕಿಗಳು ಗೇಟು ದಾಟಿ ಕಾಡು ಸೇರಿದವು. ಅದಾಗಿ ಎರಡು ವಾರ. ಒಂದು ಹೇಂಟೆಯನ್ನು ಆಗಲೇ ನರಿ ತಿಂದಿತ್ತು. ಉಳಿದವು ಪಕ್ಕದ ಹೊಲಕ್ಕಿಳಿದು ಮೊಳಕೆ ಕೆದರಿ, ಹೊಲದವನ ಸಿಟ್ಟು ನೆತ್ತಿಗೇರಿಸಿದ್ದವು.

ಅದು ಎರಡು ಸಾವಿರದ ಇಸವಿಯ ಈಸ್ಟರಿನ ಹಿಂದಿನ ಶನಿವಾರ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಡಾಕ್ಟರರ ಷೆಡ್ಡಿನ ಎದುರು ಮೂವರು ಬೇಟೆಗೆ ಸಿದ್ಧರಾಗಿ ನಿಂತಿದ್ದರು. ಹೀತ್ರೋ ವಿಮಾನ ನಿಲ್ದಾಣದಲ್ಲಿ ಲಗೇಜು ಹೊರುವ ಎಡ್ಸನ್ ಲೋಬೊ. ಅದೇ ಪಾಳಿಯಲ್ಲಿ ಅವನ ಜೊತೆ ದುಡಿಯುವ ಸ್ಟೀವನ್. ಮತ್ತು ಸ್ಟೀವನ್ನನ ಹೆಂಡತಿ ವೈಲೆಟ್. ವೈಲೆಟ್ ಹಿಂದೆ ಡಾಕ್ಟರರ ವಾರ್ಡಿನಲ್ಲೇ ನರ್ಸಾಗಿದ್ದವಳು. ಮೂವರೂ ಹೌನ್ಸ್ಲೋದವರು, ಒಂದೇ ಇಗರ್ಜಿಯವರು.

“ಲೀಡರ್ ನೀನ ನೋಡು ಎಡ್ಸನ್,” ಡಾಕ್ಟರರು ಊರುಗೋಲಿನಿಂದ ಅವನ ಎದೆಗೆ ಮೆಲ್ಲಗೆ ತಿವಿದರು. “ಕಾಡುಕೋಳಿ ಬೇಟಿ ಮಾಡಿದಾಂವ ನೀನೊಬ್ಬನ.”

“ನೋಡುವ ಡಾಕ್ಟ್ರೇ. ಮಧ್ಯಾಹ್ನದ ಒಳಗೆ ಕೆಲಸ ಆಗ್ತದೆ,” ಎಂದ ಎಡ್ಸನ್. ಸ್ಟೀವನ್ನನ ಮುಖ ನೋಡಲಿಲ್ಲ. ಎರಡು ವಾರದಿಂದ ಅವನು ಸ್ಟೀವನ್ನನ ಮುಖ ನೋಡಿರಲಿಲ್ಲ.

ಯಾಕೆ ಎಂದು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಬಂತು? ಲಂಡನ್ನಿಗೆ ಬಂದ ಹೊಸದರಲ್ಲಿ ಯಾರದೋ ಕಾರಿಗೆ ಒರಗಿ ಫೋಟೋ ತೆಗೆಸಿಕೊಂಡು ಊರಿಗೆ ಕಳಿಸುವುದು ನಮ್ಮವರಲ್ಲಿ ಇದ್ದದ್ದೇ. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ಆ ಚಟ ಬಿಟ್ಟುಹೋಗುತ್ತದೆ. ಎಡ್ಸನ್ನನಿಗೆ ಬಿಟ್ಟಿರಲಿಲ್ಲ. ಬೆಳ್ಮಣ್ಣಿನಲ್ಲಿರುವ ಭಾವನಿಗೆ ಅವನು ಕಾರು ಕಳಿಸಿದ್ದಾಯಿತು, ಗುಲಾಬಿ ತೋಟದ ಮನೆ ಕಳಿಸಿದ್ದಾಯಿತು, ಎರಡೂ ಬೇರೆಯವರದು. ಈ ಸಲ ‘ನನ್ನ ಟರ್ಕಿ ಫಾರ್ಮ್’ ಕಳಿಸುವ ಮನಸ್ಸಾಯಿತು. ಡಾಕ್ಟರರು ಆಸ್ಪತ್ರೆಯಲ್ಲಿದ್ದರು. ಹಕ್ಕಿಗಳಿಗೆ ಕಾಳು ಹಾಕುವ ಜವಾಬ್ದಾರಿ ಸ್ಟೀವನ್ನನದು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಡುವೆ, ಭಾನುವಾರದ ಮಧ್ಯಾಹ್ನ, ಎಡ್ಸನ್ ಯಾರಿಗೂ ಹೇಳದೆ ಒಬ್ಬನೇ ಬಂದ. ತಲೆಗೊಂದು ಹ್ಯಾಟು. ಕ್ಯಾಮೆರಾವನ್ನು ಗೇಟಿನ ಹೊರಗಿನ ಕಾಳಿನ ತೊಟ್ಟಿಯ ಮೇಲಿಟ್ಟು, ಚಿಲಕ ತೆಗೆದು, ಟೈಮರ್ ಒತ್ತಿದ. ಹತ್ತು ಸೆಕೆಂಡು. ಓಡಿಹೋಗಿ ಹಕ್ಕಿಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲಲು ಅಷ್ಟು ಹೊತ್ತು ಸಾಕು. ಗೇಟಿನ ಚಿಲಕ ಹಾಕಲು ಸಾಲದು.

ಅರ್ಧ ಗಂಟೆ ಹಕ್ಕಿಗಳ ಹಿಂದೆ ಓಡಾಡಿ, ಒಂದೂ ಸಿಗದೆ, ಅವನು ಬಸ್ಸು ಹತ್ತಿ ಮನೆಗೆ ಹೋದ. ಸಂಜೆ ಸ್ಟೀವನ್ ಬಂದು ನೋಡಿದರೆ ಗೇಟು ತೆರೆದಿದೆ, ಒಳಗೆ ಒಂದು ಹಕ್ಕಿಯಿಲ್ಲ. ಮುಂದಿನ ಭಾನುವಾರ ಇಗರ್ಜಿಯ ಹಾಲ್‌ನಲ್ಲಿ ಚಹಾ ಕುಡಿಯುವಾಗ ಯಾರೋ ಈ ವಿಷಯ ಎತ್ತಿದರು. ಎಡ್ಸನ್ನನ ಬಾಯಿಂದ ಮಾತು ತಾನಾಗಿ ಬಂತು: “ಸ್ಟೀವನ್ ಯಾವಾಗ್ಲೂ ಗಡಿಬಿಡಿ ಅಲ್ವಾ? ಚಿಲಕ ಹಾಕ್ಲಿಕ್ಕೆ ಮರ್ತಿರ್ಬೇಕು.” ಅಷ್ಟೇ ಹೇಳಿದ್ದು. ಉಳಿದದ್ದನ್ನು ಜನ ಸೇರಿಸಿದರು. “ಈಸ್ಟರ್ ಬಂತಲ್ಲ, ಸ್ಟೀವನ್ನನ ಫ್ರೀಜರ್ ಒಮ್ಮೆ ತೆರೆದು ನೋಡ್ಬೇಕು ಮಾರಾಯ್ರೆ,” ಎಂದು ಒಬ್ಬ ನಗಾಡಿದ. ಹಾಲ್‌ಗೆ ಹಾಲೇ ನಕ್ಕಿತು. ಆ ವಾರದಿಂದ ಸ್ಟೀವನ್ ಕ್ವಾಯರಿನಲ್ಲಿ ಹಾಡಲು ಬರುವುದನ್ನು ಬಿಟ್ಟ.

ಫೋಟೋ ಗುರುವಾರ ತೊಳೆದು ಬಂದಿತ್ತು. ಹರಿಯಲು ಕೈ ಬರಲಿಲ್ಲ, ಮನೆಯಲ್ಲಿಟ್ಟರೆ ಹೆಂಡತಿ ಫ್ಲಾವಿಯಾ ನೋಡುತ್ತಾಳೆ. ಅದೀಗ ಎಡ್ಸನ್ನನ ಜಾಕೆಟ್ಟಿನ ಒಳಜೇಬಿನಲ್ಲಿತ್ತು.

*

ಮ್ಯಾಡ್ ಬೆಸ್ ಎಂಬ ಹೆಸರಿನ ಆ ಕಾಡು ಹೊರಗಿನಿಂದ ನೋಡಿದರೆ ಪಾರ್ಕಿನಂತೆ ಕಾಣುತ್ತದೆ. ಒಳಗೆ ಹೊಕ್ಕರೆ ಬೇರೆಯೇ ಲೋಕ. ಮುದಿ ಓಕ್ ಮರಗಳು, ಅವುಗಳ ನಡುವೆ ತಿರುಚಿಕೊಂಡು ಬೆಳೆದ ಹಾರ್ನ್‌ಬೀಮ್‌ಗಳು, ಇನ್ನೂ ಬೆರಳುದ್ದ ಬಿಚ್ಚದ ಎಳೆ ಚಿಗುರು. ಆ ಏಪ್ರಿಲಿನಲ್ಲಿ ಮಳೆ ಬಿಟ್ಟೂ ಬಿಡದೆ ಸುರಿದಿತ್ತು. ಜೇಡಿಮಣ್ಣಿನ ನೆಲ ಬೂಟನ್ನು ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಎಲ್ಲೆಲ್ಲೂ ನೀಲಿ ಹೂವು, ಕಣ್ಣು ಹರಿಯುವಷ್ಟು ದೂರ. ಇನ್ನೊಂದು ದಿನವಾಗಿದ್ದರೆ ಎಡ್ಸನ್ ಅಲ್ಲೂ ಒಂದು ಫೋಟೋ ತೆಗೆಯುತ್ತಿದ್ದ.

“ಗಳಗಳಗಳಗಳ!”

ಮೂವರೂ ನಿಂತಲ್ಲೇ ನಿಂತರು. ನೂರು ಗಜ ದೂರದ ಓಕ್ ಕೊಂಬೆಯ ಮೇಲಿನಿಂದ ದೇಸಾಯಿ ಬೆಳಗಿನ ಕೂಗು ಹಾಕುತ್ತಿದ್ದ.

“ಬಲೆ ಕಟ್ಟು,” ಎಡ್ಸನ್ ಪಿಸುಗುಟ್ಟಿದ. ಇನ್ನು ಮುಂದಿನದೆಲ್ಲ ಅವರು ತಮ್ಮೊಳಗೆ ಕೊಂಕಣಿಯಲ್ಲಿ ಆಡಿದ್ದು; ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಬಲೆ ಎಂದರೆ ಇಗರ್ಜಿ ಹಾಲ್‌ನ ವಾಲಿಬಾಲ್ ನೆಟ್. ಸ್ಟೀವನ್ ಅದನ್ನು ಎರಡು ಮರಗಳ ನಡುವೆ ಎತ್ತಿ ಕಟ್ಟಿ, ಹಗ್ಗದ ತುದಿ ಹಿಡಿದು ಕುಳಿತ. ಎಡ್ಸನ್ ರಟ್ಟಿನ ಪೆಟ್ಟಿಗೆಯಿಂದ ಒಂದು ಕೆಂಪು ಹುಂಜವನ್ನು ಹೊರತೆಗೆದು ಬಲೆಯ ಕೆಳಗೆ ಗೂಟಕ್ಕೆ ಕಟ್ಟಿದ. ಸೌತಾಲಿನ ಪಂಜಾಬಿ ಗೆಳೆಯನ ಹಿತ್ತಲಿನಿಂದ ಎರವಲು ತಂದ ಹುಂಜ. ಬೆಳ್ಮಣ್ಣಿನ ಕಡೆ ಕಾಡುಕೋಳಿ ಹಿಡಿಯುವುದೇ ಹಾಗೆ. ಕಟ್ಟಿದ ಹುಂಜ ಕೂಗಿದರೆ ಕಾಡಿನ ಹುಂಜ ರೋಷದಿಂದ ಜಗಳಕ್ಕೆ ಬಂದು ಬಲೆಗೆ ಬೀಳುತ್ತದೆ. ಎಡ್ಸನ್ ಇದನ್ನು ಕಣ್ಣಾರೆ ಕಂಡಿದ್ದ, ಹತ್ತು ವರ್ಷದವನಿದ್ದಾಗ, ಒಂದೇ ಒಂದು ಸಲ. ಅವತ್ತು ಅವನು ಮಾಡಿದ್ದ ಬೇಟೆಯೆಂದರೆ ಮಾವನ ಬುಟ್ಟಿ ಹೊತ್ತದ್ದು.

ಕೆಂಪು ಹುಂಜ ಕತ್ತೆತ್ತಿ ಕೂಗಿತು. ದೇಸಾಯಿ ಉತ್ತರ ಕೊಟ್ಟ. ಮತ್ತೆ ಕೂಗಿತು, ಮತ್ತೆ ಉತ್ತರ. ರೆಕ್ಕೆ ಬಡಿದ ಸದ್ದಿನೊಂದಿಗೆ ಅವನು ನೆಲಕ್ಕಿಳಿದ. ಬಾಲ ಬೀಸಣಿಗೆಯಾಯಿತು, ಕತ್ತು ಕೆಂಪಾಯಿತು, ಮೈ ಎರಡರಷ್ಟಾಯಿತು.

“ಬಂದ, ಬಂದ...” ಎಡ್ಸನ್ ಉಸಿರು ಬಿಗಿಹಿಡಿದ.

ಎಲ್ಲಿಂದ ಬರುವುದು! ಹಿಂದಿನ ಮರದಿಂದ ನಾಗವ್ವ ಇಳಿದಳು, ಅವಳ ಹಿಂದೆ ನಾಲ್ಕು ಹೇಂಟೆಗಳು. ನಾಗವ್ವ ಕಟ್ಟಿದ ಹುಂಜದ ಕಡೆ ಒಮ್ಮೆ ಕತ್ತು ಹೊರಳಿಸಿ ನೋಡಿದಳು, ತನಗೇನೂ ಸಂಬಂಧವಿಲ್ಲ ಎನ್ನುವಂತೆ ತಿರುಗಿ ಪೂರ್ವಕ್ಕೆ ನಡೆದಳು. ಹೇಂಟೆಗಳು ಹಿಂಬಾಲಿಸಿದವು. ದೇಸಾಯಿ ಬಿಚ್ಚಿದ ಬಾಲ ಮಡಚದೆಯೇ ಅವರ ಬೆನ್ನು ಹತ್ತಿದ.

“ಎಂತ ಆಯ್ತು?” ಎಂದಳು ವೈಲೆಟ್.

“ಮೂಡ್ ಇಲ್ಲ ಅವನಿಗೆ. ಇನ್ನೊಮ್ಮೆ ನೋಡುವ.”

ಬಲೆ, ಪೆಟ್ಟಿಗೆ ಹೊತ್ತು ಹಿಂದೆ ಹೋಗಿ ಇನ್ನೊಮ್ಮೆ ನೋಡಿದರು. ಮತ್ತೊಮ್ಮೆ ನೋಡಿದರು. ಎರಡು ಸಲವೂ ಹುಂಜ ಕೂಗಿದಾಗ ದೇಸಾಯಿ ಗಂಟಲು ಹರಿಯುವಂತೆ ಗಳಗಳ ಎಂದ, ಕಾಲು ಮಾತ್ರ ಹೇಂಟೆಗಳ ಹಿಂದೆಯೇ ಹೋಯಿತು. ಹೀಗೆ ಲೀಡರಿಗೆ ಮೂರು ಸಲ ಚಳ್ಳೆಹಣ್ಣು ತಿನ್ನಿಸಿ, ಏಳು ಗಂಟೆಗೆ ಇಡೀ ಸಂಸಾರ ಕಾಡು ದಾಟಿ ಡಕ್ಸ್ ಹಿಲ್ ರಸ್ತೆಗೆ ಬಂತು.

ಬಸ್ಸು ಬರುತ್ತಿತ್ತು.

ಹೇಂಟೆಗಳು ದಾಟಿಬಿಟ್ಟವು. ದೇಸಾಯಿ ರಸ್ತೆಯ ನಡುವೆ ನಿಂತು, ಬಸ್ಸಿಗೇ ಬಾಲ ಬಿಚ್ಚಿ ತೋರಿಸಿದ.

“ಸ್ಟಾಪ್! ಸ್ಟಾಪ್!” ಸ್ಟೀವನ್ ಎರಡೂ ಕೈ ಎತ್ತಿ ಬಸ್ಸಿನ ಮುಂದೆ ಹಾರಿದ. ಬ್ರೇಕು ಕಿರುಚಿತು. ಬಸ್ಸು ಅವನಿಂದ ಒಂದು ಗಜ ದೂರ ನಿಂತಿತು. ದೇಸಾಯಿ ಅವಸರವಿಲ್ಲದೆ ರಸ್ತೆ ದಾಟಿ ಆಚೆಗಿನ ಕಾಪ್ಸ್ ವುಡ್ ಎಂಬ ಕಾಡಿನೊಳಗೆ ಹೋದ.

“ಹುಚ್ಚು ಹಿಡಿದಿದೆಯಾ ನಿಮಗೆ?” ವೈಲೆಟ್ ಗಂಡನ ತೋಳು ಹಿಡಿದು ಎಳೆದಳು. “ಒಂದು ಕೋಳಿಗಾಗಿ ಸಾಯ್ಲಿಕ್ಕೆ ಹೊರಟಿದ್ದೀರಾ?”

“ಅದು ಸತ್ತರೆ ನಾನು ತಿಂದೆ ಅಂತಲೇ ಆಯ್ತಲ್ಲ ವೈಲೆಟ್,” ಎಂದ ಸ್ಟೀವನ್.

ಎಡ್ಸನ್ ಬೂಟಿನ ಕೆಸರು ನೋಡುತ್ತ ನಿಂತ. ಈಗ ಹೇಳು, ಈಗಲೇ ಹೇಳು ಎಂದು ಒಳಗಿನಿಂದ ಯಾರೋ ನೂಕಿದರು. “ಬೇಗ ಬನ್ನಿ, ತಪ್ಪಿಸಿಕೊಳ್ತವೆ,” ಎಂದಷ್ಟೇ ಹೇಳಿ ಮುಂದೆ ಓಡಿದ. ಓಡುತ್ತ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

*

ಕಾಪ್ಸ್ ವುಡ್ ದಾಟಿದರೆ ಲೈಡೊ ಎಂದು ಕರೆಯುವ ದೊಡ್ಡ ಕೆರೆ. ಅದರ ಉತ್ತರದ ತುದಿ ಜೌಗು ನೆಲ: ಮೇಲೆ ಹಸಿರು ಜೊಂಡು, ಒಳಗೆ ಕರಿ ಕೆಸರು. ಹೇಂಟೆಗಳು ಅಂಚಿನ ಗಟ್ಟಿ ನೆಲ ಹಿಡಿದು ಸುತ್ತಿ ಹೋದವು. ಎಡ್ಸನ್ ಅಡ್ಡ ಹಾಯ್ದು ದೇಸಾಯಿಯನ್ನು ತಡೆಯಲು ಹೊರಟ.

“ಎಡ್ಸನ್, ಬೇಡ! ಅಲ್ಲಿ ನೀರುಂಟು!” ಸ್ಟೀವನ್ ಕೂಗಿದ.

ಆರನೇ ಹೆಜ್ಜೆಗೆ ನೆಲ ಕೈಕೊಟ್ಟಿತು. ಮೊಣಕಾಲು ಮುಳುಗಿತು. ಎಳೆಯಲು ಹೋದ, ತೊಡೆ ಮುಳುಗಿತು. ಬಿದ್ದ. ತಣ್ಣನೆಯ ಕೆಸರು ಎದೆಗೇರಿತು. ಜೊಂಡು ಹಿಡಿದ, ಬೇರು ಸಮೇತ ಕೈಗೆ ಬಂತು.

“ಅಲ್ಲಾಡ್ಬೇಡ!” ಸ್ಟೀವನ್ ಹೊಟ್ಟೆಯ ಮೇಲೆ ಮಲಗಿ ತೆವಳುತ್ತ ಬಂದ. ವಾಲಿಬಾಲ್ ನೆಟ್ಟಿನ ಒಂದು ತುದಿಯನ್ನು ವೈಲೆಟ್ ಮರಕ್ಕೆ ಸುತ್ತಿದಳು, ಇನ್ನೊಂದನ್ನು ಸ್ಟೀವನ್ ಎಡ್ಸನ್ನನ ಕಂಕುಳ ಕೆಳಗೆ ತೂರಿಸಿದ. ಹೀತ್ರೋದಲ್ಲಿ ಇಬ್ಬರೂ ಸೇರಿ ಹದಿನಾರು ವರ್ಷ ಪೆಟ್ಟಿಗೆ ಎತ್ತಿದವರು, ಒಬ್ಬರ ಬಲ ಇನ್ನೊಬ್ಬರಿಗೆ ಗೊತ್ತು.

“ಒಂದು, ಎರಡು... ಎಳಿ!”

ಒಂದು ಬೂಟು ಕೆಸರಿನಲ್ಲೇ ಉಳಿಯಿತು. ಮನುಷ್ಯ ಮೇಲೆ ಬಂದ.

ಇಬ್ಬರೂ ದಡದಲ್ಲಿ ಮಲಗಿ ಏದುಸಿರು ಬಿಟ್ಟರು. ಸ್ಟೀವನ್ ತನ್ನ ಸ್ವೆಟರ್ ಬಿಚ್ಚಿ ಮುಂದೆ ಹಿಡಿದ. “ಜಾಕೆಟ್ ತೆಗಿ. ಇದನ್ನು ಹಾಕಿಕೊ. ಚಳಿ ಹಿಡೀತದೆ.”

“ಬೇಡ.” ಎಡ್ಸನ್ ಒಳಜೇಬಿನ ಮೇಲೆ ಕೈ ಒತ್ತಿ ಹಿಡಿದ.

“ಎಂತ ಬೇಡ? ನಡುಗ್ತಾ ಇದ್ದಿ.”

“ಬೇಡ ಅಂದೆನಲ್ಲ!”

ಸ್ಟೀವನ್ ಸ್ವೆಟರನ್ನು ಅವನ ಹೆಗಲ ಮೇಲೆ ಹೊದಿಸಿ ಪಕ್ಕದಲ್ಲಿ ಕುಳಿತ. ಮೆಲ್ಲಗೆ ಹೇಳಿದ: “ಒಂದು ಮಾತು ಎಡ್ಸನ್. ಬೇರೆ ಯಾರ ಹತ್ರವೂ ಹೇಳ್ಲಿಲ್ಲ. ಆವತ್ತು ಬೆಳಿಗ್ಗೆ ನಾನು ಚಿಲಕ ಹಾಕಿದ್ದು ನನಗೆ ನೆನಪುಂಟು. ಎರಡು ಸಲ ಎಳೆದು ನೋಡಿದ್ದು ಕೂಡ ನೆನಪುಂಟು. ಆದರೆ ಎಲ್ಲರೂ ಹೇಳುವಾಗ... ಈಗ ನನಗೇ ಡೌಟು. ಮನೆ ಬಾಗಿಲು ಹಾಕಿ ಬಸ್‌ಸ್ಟಾಪಿನವರೆಗೆ ಹೋಗಿ ವಾಪಸ್ ಬಂದು ನೋಡ್ತೇನೆ, ದಿನಾ. ತಲೆ ಸರಿ ಇಲ್ಲವೋ ಏನೋ.”

ಸ್ಟೀವನ್ನನ ಹೆಸರು ಕೆಟ್ಟದ್ದು ಎಡ್ಸನ್ನನಿಗೆ ಗೊತ್ತಿತ್ತು. ತನ್ನ ಒಂದು ಮಾತು ಈ ಮನುಷ್ಯನ ನೆನಪನ್ನೇ ಅವನಿಂದ ಕಿತ್ತುಕೊಂಡಿದೆ ಎಂದು ಗೊತ್ತಿರಲಿಲ್ಲ. ಕೆಸರಿನಿಂದ ಎಳೆದವನ ಎದುರು, ಅವನದೇ ಸ್ವೆಟರ್ ಹೊದ್ದುಕೊಂಡು, ಎಡ್ಸನ್ ಸುಮ್ಮನೆ ಕುಳಿತ. ಅವನ ಬದುಕಿನಲ್ಲಿ ಅಷ್ಟು ನಾಚಿಕೆಯ ಗಳಿಗೆ ಇನ್ನೊಂದಿರಲಿಲ್ಲ.

ವೈಲೆಟ್ ಇದನ್ನು ಕೇಳಿಸಿಕೊಂಡಿರಲಿಲ್ಲ. ಅವಳು ಮರದ ಹಿಂದೆ ನಿಂತು ಹಕ್ಕಿಗಳನ್ನೇ ನೋಡುತ್ತಿದ್ದಳು.

“ನಿಮ್ಮಿಬ್ಬರ ಬೇಟೆ ಮುಗೀತಾ?” ಎಂದು ಕೇಳಿದಳು. “ಇನ್ನು ನಾನು ಹೇಳಿದ ಹಾಗೆ ಕೇಳಿ. ಶಿರ್ವದಲ್ಲಿ ನಮ್ಮ ಮನೆಯಲ್ಲಿ ಐವತ್ತು ಕೋಳಿ ಇದ್ದವು. ಆ ದೇಸಾಯಿಯನ್ನು ಕರೆದು ಎಂತ ಪ್ರಯೋಜನ? ಅವನಿಗೆ ಬೇಕಾದ್ದೆಲ್ಲ ಅವನ ಹತ್ರವೇ ಉಂಟು. ಐದು ಹೆಂಡತಿಯರನ್ನು ಬಿಟ್ಟು ಅವನು ಜಗಳಕ್ಕೆ ಯಾಕೆ ಬರ್ತಾನೆ?”

“ಮತ್ತೆ?” ಎಂದ ಎಡ್ಸನ್.

“ನಾಗವ್ವನಿಗೆ ಸಿಟ್ಟು ಬರಿಸ್ಬೇಕು. ಇಲ್ಲಿ ಇನ್ನೊಬ್ಬಳು ಯಜಮಾನಿ ಬಂದಿದ್ದಾಳೆ ಅಂತ ಗೊತ್ತಾದರೆ ಅವಳು ಬಿಡ್ತಾಳಾ? ಅವಳು ಬಂದರೆ ಅವನೂ ಬರ್ತಾನೆ. ಆ ಕೆಂಪು ಹುಂಜ ಪೆಟ್ಟಿಗೆಯಲ್ಲೇ ಇರಲಿ, ಲೀಡರೇ. ಬಲೆ ಕಟ್ಟಿ.”

ಲೀಡರ್ ಹುಂಜದ ಪೆಟ್ಟಿಗೆಯನ್ನು ಮರದ ಹಿಂದಕ್ಕೆ ಸರಿಸಿದ.

*

ಬಿದ್ದ ಓಕ್ ಮರದ ಹಿಂದೆ ವೈಲೆಟ್ ಕುಕ್ಕರುಗಾಲಿನಲ್ಲಿ ಕುಳಿತಳು. ಬಾಯಿಗೆ ಕೈ ಅಡ್ಡ ಹಿಡಿದು ಹೇಂಟೆಯ ದನಿ ತೆಗೆದಳು. “ಕ್ಯಾವ್. ಕ್ಯಾವ್. ಕ್ಯಾವ್.”

ದೇಸಾಯಿ ಗಳಗಳ ಎಂದ. ಅವಳು ಅವನಿಗೆ ಸೊಪ್ಪು ಹಾಕಲಿಲ್ಲ.

ನಾಗವ್ವ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. “ಕ್ಯಾವ್?” ಎಂದು ಗದರಿದಳು.

ವೈಲೆಟ್ ಅದೇ ದನಿಯಲ್ಲಿ, ಇನ್ನೂ ಸ್ವಲ್ಪ ಜೋರಾಗಿ, ಅವಳ ಮಾತು ಮುಗಿಯುವ ಮುಂಚೆಯೇ ತಿರುಗಿ ಗದರಿದಳು. ವಾರ್ಡಿನಲ್ಲಿ ನರ್ಸುಗಳನ್ನು ಗದರುವ ಎಷ್ಟು ಮೇಟ್ರನ್‌ಗಳನ್ನು ಎದುರಿಸಿದವಳೋ! ನಾಗವ್ವ ಎರಡು ಹೆಜ್ಜೆ ಮುಂದೆ ಬಂದಳು. ಮತ್ತೆ ಗದರಿಕೆ, ಮತ್ತೆ ಉತ್ತರ. ಹತ್ತು ನಿಮಿಷ ಈ ಜಗಳ ನಡೆಯಿತು. ಕಡೆಗೆ ನಾಗವ್ವನಿಗೆ ತಡೆಯಲಾಗಲಿಲ್ಲ. ಕತ್ತು ಮುಂದೆ ಚಾಚಿ, ನೀಲಿ ಹೂವುಗಳನ್ನು ತುಳಿದುಕೊಂಡು, ನೇರ ಬಲೆಯ ಕಡೆಗೇ ಬಂದಳು. ಹಿಂದೆ ನಾಲ್ಕು ಹೇಂಟೆಗಳು. ಎಲ್ಲರ ಹಿಂದೆ ಮದುಮಗನ ಠೀವಿಯಲ್ಲಿ ದೇಸಾಯಿ.

ಮೂವತ್ತು ಗಜ. ಇಪ್ಪತ್ತು. ಹತ್ತು.

ನಾಗವ್ವ ಬಲೆಯ ಕೆಳಗೆ ಬಂದಳು. ಸ್ಟೀವನ್ ಹಗ್ಗ ಬಿಡಲಿಲ್ಲ. ದೇಸಾಯಿ ಒಂದು ಕಾಲು ಎತ್ತಿ, ಯೋಚಿಸಿ, ಇಟ್ಟ.

“ಈಗ!”

ಬಲೆ ಬಿತ್ತು. ಎಡ್ಸನ್ ಒಂದೇ ಬೂಟಿನಲ್ಲಿ ಹಾರಿ ದೇಸಾಯಿಯ ಮೇಲೆ ಬಿದ್ದ. ರೆಕ್ಕೆ ಮುಖಕ್ಕೆ ಅಪ್ಪಳಿಸಿತು. ಕಾಲಿನ ಮುಳ್ಳು ಅಂಗೈ ಸೀಳಿತು. ಬಿಡಲಿಲ್ಲ. ಇನ್ನೊಂದು ಏಟು, ಕಣ್ಣು ಕತ್ತಲಿಟ್ಟಿತು. ಬಿಡಲಿಲ್ಲ.

“ತಲೆ! ತಲೆಗೆ ಹೊದಿಸು!” ಸ್ಟೀವನ್ ಎಡ್ಸನ್ನನ ಹೆಗಲ ಮೇಲಿನ ಸ್ವೆಟರನ್ನು ಕಿತ್ತು ಹಕ್ಕಿಯ ತಲೆಗೆ ಸುತ್ತಿದ. ಕತ್ತಲಾದದ್ದೇ ತಡ, ದೇಸಾಯಿ ತಣ್ಣಗಾದ. ನಾಗವ್ವನನ್ನು ವೈಲೆಟ್ ಆಗಲೇ ಕಂಕುಳಲ್ಲಿ ಅವುಚಿ ಹಿಡಿದಿದ್ದಳು. ಉಳಿದ ನಾಲ್ಕು ಹೇಂಟೆಗಳು ದಿಕ್ಕು ತೋಚದೆ ನಿಂತವು. ವೈಲೆಟ್ ನಾಗವ್ವನನ್ನು ಹೊತ್ತು ನಡೆದಾಗ ಅವೂ ಸಾಲಾಗಿ ಹಿಂದೆ ಬಂದವು.

“ಹಿಡಿದೆವು ಮಾರಾಯ!” ಸ್ಟೀವನ್ ನಕ್ಕ. ಎರಡು ವಾರದ ಮೇಲೆ ಅವನು ನಕ್ಕದ್ದು. ಎಡ್ಸನ್ನನಿಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು.

*

ವಾಪಸ್ ದಾರಿ ಎರಡು ಮೈಲಿಗಿಂತ ಕಮ್ಮಿ. ಮೂರು ಗಂಟೆ ಹಿಡಿಯಿತು. ಎಡ್ಸನ್ ದೇಸಾಯಿಯನ್ನು ಎದೆಗೆ ಅವುಚಿಕೊಂಡು ಬಂದ. ಸ್ಟೀವನ್ ಎರಡು ಸಲ ಹೊರಲು ಬಂದರೂ ಕೊಡಲಿಲ್ಲ. ಬರಿಗಾಲಿಗೆ ಮುಳ್ಳು ಚುಚ್ಚಿ ರಕ್ತ ಬಂತು, ಅದೂ ಒಳ್ಳೆಯದೇ ಅನ್ನಿಸಿತು.

ಡಾಕ್ಟರರು ಗೇಟಿನಲ್ಲೇ ಕುರ್ಚಿ ಹಾಕಿ ಕುಳಿತಿದ್ದರು. ಹಕ್ಕಿಗಳನ್ನು ಕಂಡು ಊರುಗೋಲು ಮರೆತು ಎದ್ದರು. “ಬಂದ್ಯಾ ನನ್ನಪ್ಪ! ಬಂದ್ಯಾ ದೇಸಾಯಿ!” ಕಣ್ಣಲ್ಲಿ ನೀರು. ಕೆಳಗಿಳಿದ ದೇಸಾಯಿ ಅವರ ಷೂ ಕುಕ್ಕಿ ಒಳಗೆ ಹೋದ.

“ಎಡ್ಸನ್, ಬೇಟಿಗಾರ ಅಂದ್ರ ನೀನಪಾ!” ಎಂದು ಅವರು ಅವನ ಬೆನ್ನು ತಟ್ಟಿದರು. ಆಮೇಲೆ ಸ್ಟೀವನ್ನನ ಕಡೆ ತಿರುಗಿ, ಮೃದುವಾಗಿ ಹೇಳಿದರು: “ನೀನೂ ಮನಸಿಗೆ ಹಚ್ಕೋಬ್ಯಾಡ ತಮ್ಮಾ. ಮರೆವು ಎಲ್ಲಾರಿಗೂ ಇರ್ತದ. ಆದದ್ದು ಆತು.”

“ತಪ್ಪಾಯ್ತು ಡಾಕ್ಟ್ರೇ,” ಎಂದು ಸ್ಟೀವನ್ ತಲೆ ತಗ್ಗಿಸಿದ.

ಆ ತಗ್ಗಿದ ತಲೆಯನ್ನು ಎಡ್ಸನ್ನನಿಗೆ ನೋಡಲಾಗಲಿಲ್ಲ. ರಕ್ತ ಹತ್ತಿದ ಕೈಯನ್ನು ಒಳಜೇಬಿಗೆ ಹಾಕಿ ಒದ್ದೆ ಲಕೋಟೆ ತೆಗೆದ, ಡಾಕ್ಟರರ ಕೈಗೆ ಕೊಟ್ಟ.

“ಇದೇನಪಾ?”

“ನೋಡಿ ಡಾಕ್ಟ್ರೇ.”

ಅಂಚು ಉಬ್ಬಿದ್ದರೂ ಫೋಟೋ ಕೆಟ್ಟಿರಲಿಲ್ಲ. ಹ್ಯಾಟು ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಎದೆ ಉಬ್ಬಿಸಿ ನಿಂತ ಎಡ್ಸನ್ ಲೋಬೊ, ಹಲ್ಲು ಬಿಟ್ಟು ನಗುತ್ತಿದ್ದಾನೆ. ಪಕ್ಕದಲ್ಲಿ ಗೇಟು ಹಾರುಹೊಡೆದಿದೆ. ನಾಗವ್ವ ಆಗಲೇ ಹೊರಗೆ. ದೇಸಾಯಿ ಹೊಸ್ತಿಲಲ್ಲಿ.

“ಸ್ಟೀವನ್ ಚಿಲಕ ಹಾಕಿದ್ದ,” ಎಂದ ಎಡ್ಸನ್. “ತೆಗೆದದ್ದು ನಾನು. ಫೋಟೋಕ್ಕೆ. ಆಮೇಲೆ ಅವನ ಹೆಸರು ಹೇಳಿದ್ದು ಕೂಡ ನಾನೇ. ಬೇಟೆ ಗೀಟೆ ಎಲ್ಲ ಸುಳ್ಳು ಡಾಕ್ಟ್ರೇ. ನಾನು ಬುಟ್ಟಿ ಹೊತ್ತವನು.”

ವೈಲೆಟ್ ನಾಗವ್ವನನ್ನು ಗೇಟಿನೊಳಗೆ ಬಿಟ್ಟು ಎಡ್ಸನ್ನನ ಎದುರು ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡ, ಹೊಡೆದಿದ್ದರೆ ಚೆನ್ನಾಗಿತ್ತು. “ಎರಡು ವಾರ,” ಎಂದಳು ಅವಳು. “ಎರಡು ವಾರ ಇವರು ರಾತ್ರಿ ನಿದ್ದೆ ಮಾಡ್ಲಿಲ್ಲ, ಗೊತ್ತುಂಟಾ ನಿನಗೆ?”

“ಗೊತ್ತಾಯ್ತು. ಕೆರೆಯ ಹತ್ರ.”

ಸ್ಟೀವನ್ ಗೇಟಿನ ಹತ್ತಿರ ಹೋಗಿ ಮುಚ್ಚಿದ, ಚಿಲಕ ಹಾಕಿದ, ಎರಡು ಸಲ ಎಳೆದು ನೋಡಿದ. ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟುಕೊಂಡು ನಿಂತ. “ಹಾಗಾದರೆ ನನ್ನ ತಲೆ ಸರಿ ಉಂಟು,” ಎಂದು ತನ್ನಷ್ಟಕ್ಕೆ ಹೇಳಿಕೊಂಡ.

*

ಮರುದಿನ ಈಸ್ಟರ್. ಪೂಜೆ ಮುಗಿದು ಹಾಲ್‌ನಲ್ಲಿ ಚಹಾ ಶುರುವಾಗುವ ಹೊತ್ತಿಗೆ, ಅಂಗೈಗೆ ಬ್ಯಾಂಡೇಜು, ಊದಿದ ಕಣ್ಣು ಹೊತ್ತ ಎಡ್ಸನ್ ಎಲ್ಲರ ಎದುರು ನಿಂತ. ಫ್ಲಾವಿಯಾ ಮುಖ ತಗ್ಗಿಸಿ ಕುಳಿತಿದ್ದಳು. ರಾತ್ರಿಯೇ ಅವಳಿಗೆ ಹೇಳಿಯಾಗಿತ್ತು. ಅವನು ಇಡೀ ಕತೆ ಹೇಳಿದ, ಬುಟ್ಟಿಯಿಂದ ಹಿಡಿದು ಸ್ವೆಟರಿನವರೆಗೆ. ಯಾವುದನ್ನೂ ಬಿಡಲಿಲ್ಲ. ಆಮೇಲೆ ಫೋಟೋವನ್ನು ಮೊದಲ ಸಾಲಿಗೆ ಕೊಟ್ಟ.

ಫೋಟೋ ಕೈಯಿಂದ ಕೈಗೆ ಹೋಯಿತು. ಫ್ರೀಜರ್ ಮಾತು ಆಡಿದ್ದವನು ನೋಡಿ, ಬೇಗ ಮುಂದಿನವನಿಗೆ ದಾಟಿಸಿದ. ಯಾರೂ ನಗಲಿಲ್ಲ. ಎಡ್ಸನ್ ನಿಂತೇ ಇದ್ದ. ಕೂರಲು ಯಾರೂ ಹೇಳಲಿಲ್ಲ, ಅವನಿಗೂ ಧೈರ್ಯವಿರಲಿಲ್ಲ.

ಫೋಟೋ ಕೊನೆಯ ಸಾಲಿನಲ್ಲಿದ್ದ ಸ್ಟೀವನ್ನನಿಗೆ ತಲುಪಿತು. ಅವನು ಅದನ್ನು ಅಷ್ಟು ಹತ್ತಿರ ಹಿಡಿದು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದ. ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ.

“ದೇಸಾಯಿ ಚೆಂದ ಬಂದಿದ್ದಾನೆ,” ಎಂದ.

ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಆಚೆ ಸರಿದು ಕುಳಿತ, ಇನ್ನೊಬ್ಬರಿಗೆ ಜಾಗವಾಗುವಷ್ಟು.